ಬಸ್ಕಿ ಹೊಡದ್ರ ಬುದ್ಧಿ ಬರತದಂತ

ನಾ ಸಿಟ್ಟಿನ ಹೆಂಗಸು. ಪುಣೆದಾಗ, ಬಿಬವೇವಾಡ್ಯಾಗಿನ ನನ್ನ ಫಾಲ್-ಪಿಕೋ ಅಂಗಡಿಗೆ ಸೀರಿ ತರೂ ಹೆಣ್ಮಕ್ಕಳಿಗೆಲ್ಲ ಇದು ಗೊತ್ತದ. ಆದ್ರ ನನ್ನ ಹಣೇಬರಹ ನೋಡ್ರಿ, ನಾ ಖರೇನ ಸಿಟ್ಟಿಗೆದ್ದು ಜಗಳಕ್ಕ ನಿಂತಾಗೆಲ್ಲ ನನ್ನ ಕಡೆಯ ಮಂದೀನ ಏನರೆ ಒಂದು ಮಾಡಿ ನಗೆಪಾಟಲು ಮಾಡ್ತಾರ. ಮಗಳ ಸಾಲಿ ಜೋಡಿ ಜಗಳಕ್ಕ ಇಳಿದಾಗಂತೂ ಹೆಜ್ಜಿ ಹೆಜ್ಜಿಗೂ ಇದೇ ಆತು.

ಮನ್ಯಾಗಿನ ವಿಚಾರಣೆ

ಮಗಳು ನಾಲ್ಕನೇ ಕ್ಲಾಸು. ಒಂದಿನ ಸಾಲಿಯಿಂದ ಬಂದಾಕಿ ಮೆಟ್ಟಲ ಹತ್ತಲಿಕ್ಕೆ ಆಗಲಾರದ ಗ್ವಾಡಿ ಹಿಡಕೊಂಡು ನಿಂತಿದ್ಲು. "ಬಿದ್ದೆ" ಅಂದ್ಲು. ಮಂಡಿ ನೋಡಿದ್ರ ಬಾತಾವು, ಗಾಯ ಮಾತ್ರ ಇಲ್ಲ. ಕಡೀಕ ಬಾಜೂ ಮನಿ ಹುಡುಗಿ ಬಾಯಿ ಬಿಟ್ಟಳು. ಬಿಳೇ ಬೂಟಿಗೆ ಮಣ್ಣು ಹತ್ತಿತ್ತಂತ. ಅದಕ್ಕ ಕಿವಿ ಹಿಡಿಸಿ, ಬಿಸಲಾಗ ನಿಲ್ಲಿಸಿ, ಬೀಳೂ ಮಟಾ ಬಸ್ಕಿ ಹೊಡಿಸ್ಯಾರ. "ಮನ್ಯಾಗ ಹೇಳಿದ್ರ ನಾಳೆ ಡಬಲ್" ಅಂತ ಬ್ಯಾರೆ ಹೆದರಿಸ್ಯಾರ.

ನನ್ನ ಮೈಯಾಗ ಬೆಂಕಿ ಬಿತ್ತು. ಸುಡುಗಾಡು ಬೂಟಿಗೆ ಹತ್ತಿದ ಮಣ್ಣಿಗೆ ಕೂಸಿನ ಕಾಲು ಮುರೀತಾರೇನು? ಅಷ್ಟರಾಗ ನಮ್ಮ ಮನಿಯವರು ಆಫೀಸಿನಿಂದ ಬಂದ್ರು. ಎಲ್ಲಾ ಕೇಳಿ, ಹೆಗಲ ಮ್ಯಾಲಿನ ಬ್ಯಾಗ ಸುದ್ದಾ ಇಳಸದ ಮಗಳಿಗೆ ಅಂದ್ರು, "ಮೊದಲ ಹೇಳು, ನೀ ಏನ್ ತಪ್ಪು ಮಾಡಿದ್ದಿ?"

ಹುಡುಗಿ ತಲಿ ತಗ್ಗಿಸಿದ್ಲು. ಮೆಂತೆ ಸೋಸಕೋತ ಕೂತಿದ್ದ ನಮ್ಮತ್ತಿಯವರು ಮಗನ ಕಾಲ ಕಡೆ ನೋಡಿದ್ರು.

"ನಿನ್ನ ಬೂಟ ನೋಡಕೋ ಮಾರಾಯಾ. ಅರ್ಧಾ ಪುಣೆ ಮಣ್ಣು ಅದರಾಗ ಅದ. ಬಾ ಇಲ್ಲೆ, ಹಿಡಿ ಕಿವಿ!"

ಏಟಿನ ಮೆರವಣಿಗಿ

ಮರುದಿನ ಮಗಳಿಗೆ ಹೊಟ್ಟಿ ನೋವು. ಅದರ ಮರುದಿನ ತಲಿ ನೋವು. ಕುಣಕೋತ ಸಾಲಿಗೆ ಹೋಗೂ ಹುಡುಗಿ, ಈಗ ಚೀಲ ನೋಡಿದ್ರ ಅಳಲಿಕ್ಕೆ ಸುರು. "ಬಸ್ಕಿ ಬಂದ್ ಆದ್ರ ಹೋಗ್ತೀನವ್ವಾ" ಅಂದ್ಲು. ಸರಿ, ಬಂದ್ ಮಾಡಿಸೇ ಬಿಡೂಣು ಅಂತ ನಾ ಸಾಲಿ ಹುಡುಗರ ಅಪ್ಪ-ಅವ್ವಂದಿರನ್ನೆಲ್ಲ ನಮ್ಮ ಸೊಸೈಟಿ ಪಾರ್ಕಿಂಗ್‌ನ್ಯಾಗ ಕೂಡಿಸಿದೆ.

ಸಾಲಿ ವಿರುದ್ಧ ಮಾತಾಡ್ತಾರಂತ ತಿಳದಿದ್ದೆ. ಬೆಳಗಾವಿ ಕಡೆಯ ಒಬ್ಬ ಇಂಜಿನಿಯರ ಎದ್ದು, "ಈಗಿನ ಹುಡುಗರದು ಏನ್ರಿ ವೈನಿ! ಹದಿಮೂರರ ಮಗ್ಗಿಗೆ ನಮ್ಮ ಮಾಸ್ತರು ಛಡಿ ಮುರಿಯೂ ಹಂಗ ಹೊಡದಿದ್ರು" ಅಂದ. ಮುಗೀತು ನೋಡ್ರಿ. ಇನ್ನೊಬ್ಬಾಂವ, "ನನಗ ಬೆಲ್ಟಲೇ ಹೊಡದಾರ್ರಿ" ಅಂದ. ಮತ್ತೊಬ್ಬಾಂವ ಅಂಗಿ ತೋಳ ಏರಿಸಿ ಏಟಿನ ಕಲಿ ತೋರಿಸಲಿಕ್ಕೆ ಹತ್ತಿದ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಅಪ್ಪ ಪಾಪ, "ನನ್ನನ್ನ ಬರೀ ಬೆಂಚ್ ಮೇಲೆ ನಿಲ್ಲಿಸ್ತಿದ್ರು ಆಂಟಿ" ಅಂದಿದ್ದಕ್ಕ, ಇಷ್ಟೇ ಏನು ಅಂತ ಎಲ್ಲಾರೂ ಅವನ್ನ ನೋಡಿ ನಕ್ರು.

ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. "ನಾಚಿಕಿ ಬರಂಗಿಲ್ಲೇನ್ರಿ ನಿಮಗ? ತಿಂದ ಏಟು ಪದಕ ಮಾಡಿ ಎದಿಗೆ ಹಾಕ್ಕೊಂಡೀರಿ! ಮಾಸ್ತರು ಹೊಡದಿದ್ದಕ್ಕ ನಿಮಗ ಏನ್ ಬಂತು, ಅದನ್ನ ಹೇಳ್ರಿ ಮೊದಲ" ಅಂತ ಒದರಿದೆ.

ಇಂಜಿನಿಯರ ಸಣ್ಣ ದನಿಯಾಗ ಅಂದ, "ಖರೇ ಹೇಳ್ತೀನ್ರಿ ವೈನಿ, ಹದಿಮೂರರ ಮಗ್ಗಿ ನನಗ ಇನ್ನೂ ಬರಂಗಿಲ್ಲ."

ಬಾಯಿ ಮ್ಯಾಲೆ ಬಟ್ಟು

ನಾನು, ಇಂಜಿನಿಯರ, ಬೆಂಗಳೂರಿನಾಂವ ಮೂರೂ ಮಂದಿ ಪ್ರಿನ್ಸಿಪಾಲರ ಹತ್ತರ ಹೋದ್ವಿ. "ಹಿಂದ-ಮುಂದ ನೋಡೂದ ಬ್ಯಾಡ, ನೇರಾನೇರ ಮಾತಾಡೂಣು" ಅಂತ ದಾರ್ಯಾಗ ಇಂಜಿನಿಯರ ಭಾಳ ಜೋರ ಮಾಡಿದ್ದ.

ಪ್ರಿನ್ಸಿಪಾಲರು ಒಳಗ ಬಂದ್ರು. ಇಬ್ಬರೂ ಗಂಡಸರು ಟಣ್ಣನೆ ಎದ್ದು ನಿಂತು, ರಾಗ ಎಳದು, "ಗುಡ್ ಮಾರ್ನಿಂಗ್ ಸ-ರ್" ಅಂದ್ರು. ಆಗ ಮಧ್ಯಾಹ್ನ ಊಟದ ಹೊತ್ತು! "ಶಾಂತ ಬಸಾ", ಗಪ್ಪ ಕೂಡ್ರಿ, ಅಂತ ಸಾಹೇಬ್ರು ಮರಾಠ್ಯಾಗ ಅಂದದ್ದೇ ತಡ, ಇಂಜಿನಿಯರ ಕೈ ಕಟ್ಟಿ ಬಾಯಿ ಮ್ಯಾಲೆ ಬಟ್ಟು ಇಟ್ಟುಕೊಂಡು ಕೂತುಬಿಟ್ಟ. ಇಲ್ಲಿ ಸಾಲ್ಯಾಗ ಹುಡುಗರನ್ನ ಹಂಗ ಕೂಡಸ್ತಾರಲ್ಲ, ಥೇಟ್ ಹಂಗ.

ಕಡೀಕ ನಾ ಒಬ್ಬಾಕೀನ ಮಾತಾಡಿದೆ. ಸಾಹೇಬ್ರು ನಕ್ಕು, "ಅದು ಶಿಕ್ಷಾ ಅಲ್ಲ ತಾಯಿ. ಕಿವಿ ಹಿಡಿದು ಬಸ್ಕಿ ಹೊಡದ್ರ ಬುದ್ಧಿ ಚುರುಕಾಗತದ. ಶನಿವಾರ ಪಾಲಕರ ಸಭಾಕ್ಕ ಬರ್ರಿ, ತಿಳಿಸಿ ಹೇಳ್ತೀನಿ" ಅಂದ್ರು. ನನಗ ಉರದುಹೋತು. ನೀವರೆ ಏನಾರ ಅನ್ರಿ ಅಂತ ಬಾಜೂಕ ನೋಡಿದೆ.

ಇಂಜಿನಿಯರ ಕಿರಿಬಟ್ಟು ಮ್ಯಾಲೆ ಎತ್ತಿ ನಿಂತಿದ್ದ. ಹೊರಗ ಹೋಗಲಿಕ್ಕೆ!

ಸಾಹೇಬ್ರ ಬುದ್ಧಿ

ಶನಿವಾರ ನಮ್ಮತ್ತಿ, ನಮ್ಮ ಮನಿಯವರು, ಮಗಳು, ಎಲ್ಲಾರೂ ಹೋದ್ವಿ. ಮಗಳು ನನ್ನ ಸೆರಗು ಬಿಡಲೊಲ್ಲಳು. ಹಾಲ್ ತುಂಬಿತ್ತು. ಸಾಹೇಬ್ರು ಮೈಕ್ ಹಿಡದು, ಬಸ್ಕಿಯಿಂದ ಬುದ್ಧಿ ಬೆಳೀತದ, ಅದು ಸಂಸ್ಕಾರ, ಅದು ಯೋಗ ಅಂತ ಒಂದs ಸವನೆ ಭಾಷಣ ಹೊಡದ್ರು.

ನಮ್ಮತ್ತಿ ಎದ್ದು ನಿಂತ್ರು. ಅರ್ಧಾ ಮರಾಠಿ, ಅರ್ಧಾ ಧಾರವಾಡ. "ಸಾಹೇಬ್ರ, ನಾ ದಿನಾ ಗಣಪತಿ ಮುಂದ ಬಸ್ಕಿ ಹೊಡೀತೀನಿ. ಅಂವ ಒಂದಿನಾನೂ ನನ್ನ ಚಪ್ಪಲಿ ನೋಡಿಲ್ಲ. ಸಾಕಾತಪ್ಪಾ ಅಂದ್ರ ಬಿಡ್ತಾನ. ಬುದ್ಧಿ ಬರತದಂದ್ರ ದೊಡ್ಡವರಿಂದ ಸುರು ಆಗಲಿ. ನೀವೂ ಬರ್ರಿ, ನಾನೂ ಬರ್ತೀನಿ."

ಹಾಲ್ ತುಂಬಾ ಚಪ್ಪಾಳೆ. ಸಾಹೇಬ್ರು ಹಿಂದ ಸರಿಯೂ ಹಂಗಿರಲಿಲ್ಲ. ಕಿವಿ ಹಿಡದ್ರು. ನಮ್ಮತ್ತಿ ಸರಸರ ಏಳತಾರ, ಕೂಡತಾರ. ಸಾಹೇಬ್ರು ಮೊದಲ ನಕ್ರು, ಆಮ್ಯಾಲೆ ಬೆವತ್ರು, ಆಮ್ಯಾಲೆ ಕೂತವರು ಏಳಲೇ ಇಲ್ಲ. ಮಂಡಿ ಹಿಡಕೊಂಡಿತ್ತು. "ಎದ್ದೇಳ್ರಿ, ಇನ್ನೂ ಬುದ್ಧಿ ಬಂದಿಲ್ಲ" ಅಂದ್ರು ನಮ್ಮತ್ತಿ. ಇಬ್ಬರು ರಟ್ಟಿ ಹಿಡದು ಎತ್ತಿ ಕುರ್ಚಿ ಮ್ಯಾಲೆ ಕೂಡಿಸಿದ್ರು. ಸಾಹೇಬ್ರು ಉಸಿರು ಬಿಡಕೋತ, "ಬಂದ್! ಇವತ್ತಿನಿಂದ ನಮ್ಮ ಸಾಲ್ಯಾಗ ಬಸ್ಕಿ ಬಂದ್!" ಅಂದ್ರು.

ಎಲ್ಲಾರೂ ಹೋ ಅಂತ ಒದರೂದ್ರಾಗ ನನ್ನ ಸೆರಗು ಸಡಲಾತು. ನೋಡ್ತೀನಿ, ಮಗಳು ನೆಟ್ಟಗ ಸಾಹೇಬ್ರ ಕುರ್ಚಿ ಹತ್ತರ ಹೋಗ್ಯಾಳ. ಮೈಕ್ ಇನ್ನೂ ಚಾಲೂ ಇತ್ತು. ಆಕಿ ಮರಾಠ್ಯಾಗ, ಭಾಳ ಮರುಗಿ ಹೇಳಿದ್ದು ಹಾಲಿಗೆಲ್ಲ ಕೇಳಿಸ್ತು.

"ಸರ್, ಮೆಟ್ಟಲ ಇಳಿಯುವಾಗ ಗ್ವಾಡಿ ಹಿಡಕೋರಿ. ರಾತ್ರಿ ಎಣ್ಣಿ ಹಚ್ಚಿಕೋರಿ, ಎರಡು ದಿನಕ್ಕ ಕಮ್ಮಿ ಆಗತದ."

ಮಂದಿ ಹೊಟ್ಟಿ ಹಿಡಕೊಂಡು ನಗಲಿಕ್ಹತ್ರು. ಆಕಿ ಸಾಹೇಬ್ರ ಕಿವಿ ಹತ್ತರ ಬಗ್ಗಿ ಇನ್ನೊಂದು ಮಾತು ಅಂದ್ಲು. ಅದನ್ನೂ ಮೈಕ್ ಹಿಡೀತು. ಎಲ್ಲಾರೂ ಮತ್ತ ನಕ್ರು, ನಮ್ಮ ಮನಿಯವರೊಬ್ಬರು ಬಿಟ್ಟು.

"ಮನ್ಯಾಗ ಹೇಳಬ್ಯಾಡ್ರಿ ಸರ್. ನೀ ಏನ್ ತಪ್ಪು ಮಾಡಿದ್ದಿ ಅಂತ ಮೊದಲ ನಿಮಗs ಕೇಳತಾರ."