ಬಿಸಿನೀರಿಗೆ ದಿಕ್ಕಿಲ್ಲದ ಮನೆ

ಮನುಷ್ಯನಿಗೆ ಏನೂ ಗೊತ್ತಿಲ್ಲದಿದ್ದರೆ ಅಂಥ ತೊಂದರೆಯಿಲ್ಲ. ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾನೆ. ಎಲ್ಲವೂ ಗೊತ್ತಿದ್ದರೂ ತೊಂದರೆಯಿಲ್ಲ. ಅವನ ಹತ್ತಿರ ಯಾರೂ ಸುಳಿಯುವುದಿಲ್ಲ. ಒಂದೇ ಒಂದು ವಿಷಯ ಚೆನ್ನಾಗಿ ಗೊತ್ತಿರುವವನ ಪಾಡು ಮಾತ್ರ ಯಾರಿಗೂ ಬೇಡ. ನನಗೆ ಗೊತ್ತಿರುವ ಆ ಒಂದು ವಿಷಯ ದಿಕ್ಕು. ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಬಿಡುವ ಮೊದಲು ಕಿವಿಗೊಟ್ಟು ಕೇಳಿದ್ದು ಒಂದೇ ಪಾಠ: ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ, ಬಲಗೈ ಕಡೆ ದಕ್ಷಿಣ, ಬೆನ್ನ ಹಿಂದೆ ಪಶ್ಚಿಮ. ಬದುಕಿಗೆ ಇಷ್ಟು ಸಾಕೆನಿಸಿ ಹೊರಗೆ ಬಂದೆ, ಗೌಂಡಿ ಕೆಲಸಕ್ಕೆ ಸೇರಿದೆ. ಆ ಒಂದು ಪಾಠದ ಮೇಲೆಯೇ ಕಂಪ್ಲಿಯಲ್ಲಿ ಅಕ್ಕಿ ಗಿರಣಿಗೆ ಗೋಡೆ ಎಬ್ಬಿಸಿದ್ದೇನೆ, ಯಶವಂತನಗರದಲ್ಲಿ ಮೈನ್ಸಿನವರಿಗೆ ಮನೆ ಕಟ್ಟಿದ್ದೇನೆ, ಬುಕ್ಕಸಾಗರದಲ್ಲಿ ಒಬ್ಬರ ದೇವರ ಮನೆಯನ್ನು ಎರಡು ಸಲ ಕೆಡವಿ ಮೂರನೇ ಸಲ ಸರಿಯಾದ ಮೂಲೆಗೆ ತಂದಿದ್ದೇನೆ. ಇಂಜಿನಿಯರು ನಕ್ಷೆ ಹಿಡಿದುಕೊಂಡು ನಿಂತಿದ್ದರೂ ಮನೆ ಕಟ್ಟಿಸುವವರು ನನ್ನ ಕಡೆ ತಿರುಗಿ ‘ಮೇಸ್ತ್ರಿ, ದಿಕ್ಕು ಸರಿ ಐತೇನ್ರಿ?’ ಎಂದು ಕೇಳಿದ ಮೇಲೆಯೇ ಪಾಯ ತೆಗೆಯುವುದು. ಆಗ ನಾನು ಒಂದು ಕಣ್ಣು ಮುಚ್ಚಿ ಆಕಾಶ ನೋಡುತ್ತೇನೆ. ಕಣ್ಣು ಮುಚ್ಚುವ ಅಗತ್ಯವೇನೂ ಇಲ್ಲ. ಆದರೆ ಮುಚ್ಚಿದರೆ ಜನರಿಗೆ ಸಮಾಧಾನ.

ಇಂಥ ನನ್ನ ಮನೆಯ ಬಗ್ಗೆ, ಅದೂ ಐವತ್ತು ಜನರ ನಡುವೆ, ‘ದಿಕ್ಕಿಲ್ಲ’ ಎಂಬ ಮಾತು ಬಂತು. ಹೇಳಿದವರು ನಮ್ಮ ಬೀಗಿತ್ತಿ, ಅಂದರೆ ಮಗಳು ಕವಿತಾಳ ಅತ್ತೆ. ಮಗಳನ್ನು ಕೊಟ್ಟಿರುವುದು ಹೊಸಪೇಟೆಗೆ. ಅಲ್ಲಿ ಕುಬಸದ ಕಾರ್ಯ ನಡೆದಿತ್ತು. ಮಗಳು ಹಸಿರು ಸೀರೆ ಉಟ್ಟು ಹೊಟ್ಟೆ ಹೊತ್ತು ಕುಳಿತಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ನಾನು ಎದೆ ಉಬ್ಬಿಸಿ ಹೇಳಿದೆ. ಬೀಗಿತ್ತಿ ಹೋಳಿಗೆಯ ತಟ್ಟೆ ಕೆಳಗಿಟ್ಟು ಬಹಳ ಮೃದುವಾಗಿ, ‘ಯಾಕ ತ್ರಾಸ ತಗೋತೀರಿ ಬೀಗರ? ಹೆರಿಗೀನೂ ಇಲ್ಲೇ, ಬಾಣಂತನಾನೂ ಇಲ್ಲೇ ಆಗ್ಲಿ. ನಿಮ್ಮ ಕಡೆ ಬಿಸಿನೀರಿಗೂ ದಿಕ್ಕಿಲ್ಲ’ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದಿಕ್ಕು ನಾನು ಅನ್ನ ತಿನ್ನುವ ಶಬ್ದ. ಅದರಿಂದಲೇ ಹೊಡೆದರು. ಹೆರಿಗೆ ಆಸ್ಪತ್ರೆಯಲ್ಲಾದ ಮರುವಾರವೇ ಕೂಸು-ಬಾಣಂತಿ ನಮ್ಮ ಮನೆಗೆ, ಬಚ್ಚಲ ತುಂಬ ಬಿಸಿನೀರು ನನ್ನ ಜವಾಬ್ದಾರಿ ಎಂದು ಅಲ್ಲೇ ಶಪಥ ಮಾಡಿಬಿಟ್ಟೆ. ಶಪಥ ಮಾಡುವಾಗ ಹೋಳಿಗೆ ಬಾಯಲ್ಲಿದ್ದದ್ದರಿಂದ ಎರಡು ಸಲ ಹೇಳಬೇಕಾಯಿತು.

ಬೀಗಿತ್ತಿ ಸುಳ್ಳು ಹೇಳಿರಲಿಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ನಮ್ಮ ಮನೆ ಇರುವುದು ದರೋಜಿ ದಾಟಿ, ಕರಡಿಧಾಮದ ಮಗ್ಗುಲಲ್ಲಿ, ಗುಂಡುಕಲ್ಲುಗಳ ಗುಡ್ಡದ ಬುಡದ ಹೊಲದಲ್ಲಿ. ಈ ಕಡೆಯ ಬಿಸಿಲು ಕಂಡವರು ‘ನಿಮಗ್ಯಾಕ ಬಿಸಿನೀರು?’ ಎಂದು ನಗುತ್ತಾರೆ. ನಿಜ, ಬೇಸಿಗೆಯಲ್ಲಿ ಪೈಪಿನ ನೀರಿಗೆ ಅಕ್ಕಿ ಹಾಕಿದರೆ ಅರೆಬೆಂದ ಅನ್ನವಾದೀತು. ಆದರೆ ಬಾಣಂತಿಯ ನೀರೆಂದರೆ ಬೇರೆ. ಹಂಡೆಯಿಂದ ತೋಡುವಾಗ ಹೊಗೆಯಾಡಬೇಕು, ಬೆನ್ನಿಗೆ ಬಿದ್ದಾಗ ಬಾಣಂತಿ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯಬೇಕು. ಆ ನೀರಿಗೆ ನಮ್ಮಲ್ಲಿದ್ದದ್ದು ತಾತನ ಕಾಲದ ತಾಮ್ರದ ಹಂಡೆ ಮತ್ತು ಸೌದೆ. ಸೌದೆ ಬೇಕೆಂದರೆ ಗುಡ್ಡದ ಕಡೆ ಹೋಗಬೇಕು. ಒಮ್ಮೆ ನನ್ನ ಹೆಂಡತಿ ರತ್ನಮ್ಮ ಬೆಳ್ಳಂಬೆಳಗ್ಗೆ ಹೋದಾಗ, ತಾನು ಆರಿಸಿಟ್ಟ ಕಟ್ಟಿಗೆಯ ಹತ್ತಿರ ಯಾರೋ ಕರಿ ಕಂಬಳಿ ಹೊದ್ದು ಬಗ್ಗಿದ್ದರಂತೆ. ‘ಯಾರಲೇ ಅದು, ನನ್ನ ಕಟ್ಟಿಗಿಗೆ ಕೈ ಹಚ್ಚೋದು?’ ಎಂದು ಗದರಿದಳಂತೆ. ಕಂಬಳಿ ತಿರುಗಿ ನೋಡಿತು. ಇವಳು ಈ ಕಡೆ ಓಡಿದಳು, ಕರಡಿ ಆ ಕಡೆ ಓಡಿತು. ಕರಡಿ ಓಡಿದ್ದು ಇವಳ ದನಿಗೆ ಎಂದು ನಾನು ಹೇಳುತ್ತೇನೆ. ಅವಳು ಅದನ್ನು ಒಪ್ಪುವುದಿಲ್ಲ. ಆದರೆ ಅಲ್ಲಗಳೆಯುವ ದನಿ ಕೇಳಿದರೆ ಕರಡಿಯ ಮೇಲೆ ನನಗೆ ಕನಿಕರ ಹುಟ್ಟುತ್ತದೆ.

ಕರೆಂಟಿನ ಕಥೆ ಇನ್ನೊಂದು. ಲೈನಿಗೆ ನಮ್ಮ ಮನೆಯೇ ಕೊನೆ. ಹೊರಡುವಾಗ ಹುಲಿಯಾಗಿರುವ ಕರೆಂಟು ದಾರಿಯ ಪಂಪ್‌ಸೆಟ್ಟುಗಳಿಗೆಲ್ಲ ನಮಸ್ಕಾರ ಹೇಳಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಬೆಕ್ಕಾಗಿರುತ್ತದೆ. ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟರೆ ನೀರು ಕಾಯುವುದಿಲ್ಲ, ನಾವೇ ಕಾಯಬೇಕು. ಇಂಥಲ್ಲಿ ಗೀಸರ್ ಹಾಕಿದರೆ ಅದರ ಕೆಂಪು ದೀಪ ನೋಡಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕಷ್ಟೆ. ಗ್ಯಾಸಿನ ಗೀಸರ್ ತರೋಣವೆಂದರೆ ಸಿಲಿಂಡರಿನ ಗಾಡಿ ನಮ್ಮ ದಾರಿಯ ಕಲ್ಲು ನೋಡಿ ದೊಡ್ಡ ರಸ್ತೆಯಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಸಿಲಿಂಡರನ್ನು ಹೊಸ ಮದುಮಗಳಂತೆ ಬೈಕಿನ ಹಿಂದೆ ಕೂರಿಸಿಕೊಂಡು ಮೆಲ್ಲಗೆ ಬರಬೇಕು. ಅದರ ಗ್ಯಾಸು ಮುಗಿಯುವುದು ಮೈಗೆಲ್ಲ ಸಾಬೂನು ಹಚ್ಚಿಕೊಂಡ ಮೇಲೆಯೇ. ಯೋಚಿಸುತ್ತ ಯೋಚಿಸುತ್ತ ಹಂಪಿಯ ರಾಣಿಯರ ಸ್ನಾನದ ಮನೆಯ ತನಕ ಹೋದೆ. ಆ ಕಡೆ ಕೆಲಸವಿದ್ದಾಗ ಒಳಗೆ ಸುತ್ತಾಡಿ ನೋಡಿದ್ದೆ. ಎಂಥ ಕಮಾನು, ಎಂಥ ಗಾರೆ! ಒಲೆಯ ಜಾಗ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅವರಿಗೂ ಬಿಸಿನೀರಿಗೆ ದಿಕ್ಕಿರಲಿಲ್ಲವೇನೋ ಎಂದು ಸ್ವಲ್ಪ ನೆಮ್ಮದಿಯಾಯಿತು.

ಕಡೆಗೆ ಉಳಿದದ್ದು ಸೋಲಾರ್. ನಮ್ಮಲ್ಲಿ ಬೇರೇನಿಲ್ಲದಿದ್ದರೂ ಬಿಸಿಲಿಗೆ ಬರವಿಲ್ಲ. ಸೌದೆ ಬೇಡ, ಕರೆಂಟು ಬೇಡ, ಕರಡಿಯ ಅಪ್ಪಣೆಯೂ ಬೇಡ. ಹೊಸಪೇಟೆಯ ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯವರು. ಸಾಲಾಗಿ ಗಾಜಿನ ಕೊಳವೆ, ಅದರ ನೆತ್ತಿಯ ಮೇಲೆ ಅಡ್ಡ ಮಲಗಿದ ಟ್ಯಾಂಕು ತೋರಿಸಿ, ಗಾಜನ್ನು ದಕ್ಷಿಣಕ್ಕೆ ಮುಖ ಮಾಡಿ ಇಡಬೇಕು, ನೆರಳು ಬೀಳಬಾರದು, ಆಗಾಗ ಧೂಳು ಒರೆಸಬೇಕು ಎಂದರು. ಕೂರಿಸಲು ಫಿಟ್ಟರನ್ನು ಕಳಿಸುತ್ತೇವೆಂದರು. ನಾನೇ ಮೇಸ್ತ್ರಿ, ಯಾರೂ ಬರುವುದು ಬೇಡ ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಅವರು ಹಣೆ ಕೆರೆದುಕೊಂಡು, ‘ದಕ್ಷಿಣ ಯಾವ ಕಡೆ ಅಂತ ಗೊತ್ತೈತಲ್ರಿ?’ ಎಂದು ಕೇಳಿದರು. ನನ್ನನ್ನು! ಮೀನನ್ನು ಹಿಡಿದು ಈಜು ಬರುತ್ತದೆಯೇ ಎಂದು ಕೇಳಿದ ಹಾಗೆ. ಟ್ಯಾಂಕನ್ನು ಗಾಡಿಗೆ ಹೇರಿಸಿದವನು ದಾರಿಯುದ್ದಕ್ಕೂ ಡ್ರೈವರನಿಗೆ ದಿಕ್ಕು ಹೇಳುತ್ತ ಬಂದೆ. ಅವನಿಗೆ ದಾರಿ ಗೊತ್ತಿತ್ತು.

ಅಂಗಳದಲ್ಲಿ ಟ್ಯಾಂಕು ಇಳಿಸಿದಾಗ ನಮ್ಮವ್ವ ಅದರ ಸುತ್ತ ಒಂದು ಸುತ್ತು ಬಂದಳು. ಇದು ಹೊಸ ಹಂಡೆ ಎಂದು ತಿಳಿಸಿದೆ. ಇದರ ಮುಖ ಯಾವ ಕಡೆ ಎಂದಳು. ದಕ್ಷಿಣಕ್ಕೆ ಎಂದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ಲೇ ಈರಣ್ಣ, ನೀರು ತುಂಬೋ ಹಬ್ಬದಾಗ ಹಂಡೆಕ್ಕ ವಿಭೂತಿ ಹಚ್ಚಿ, ಬಳ್ಳಿ ಸುತ್ತಿ ಕೈಮುಗಿಯೋ ಮಂದಿ ನಾವು. ಹಂಡೆದ ಮಕ ಯಮನ ಕಡೆ ತಿರುವಿ, ಆ ನೀರು ಬಾಣಂತಿ ಮೈಮ್ಯಾಲ ಹಾಕ್ತೀಯೇನು?’ ಅಂದಳು. ಅಂಗಡಿಯವರು ಹೇಳಿದ್ದರಲ್ಲಿ ನೆರಳಿತ್ತು, ಧೂಳಿತ್ತು, ಯಮ ಇರಲಿಲ್ಲ. ಅವ್ವನ ನೆಪ ಹೇಳುತ್ತಿದ್ದೇನೆ, ನನ್ನ ಒಳಗೂ ಅಳುಕಿತ್ತು. ಇಷ್ಟು ವರ್ಷ ಯಾರಿಗೂ ದಕ್ಷಿಣಕ್ಕೆ ಬಾಗಿಲು ಇಟ್ಟವನಲ್ಲ. ನನ್ನ ಮನೆಯ ತಲೆಯ ಮೇಲೇ ದಕ್ಷಿಣಕ್ಕೆ ಮುಖ ಮಾಡಿದ್ದು ಕಂಡರೆ ಕಂಪ್ಲಿಯವರು ಏನೆಂದಾರು? ಪೂರ್ವಕ್ಕೆ ಇಡುವುದೆಂದು ತೀರ್ಮಾನಿಸಿದೆ. ರತ್ನಮ್ಮ ಅಡ್ಡ ಬಂದಳು. ಸೂರ್ಯ ಹುಟ್ಟುವ ಕಡೆಗೇ ಮುಖ ಮಾಡಿದರೆ ಬಿಸಿಲು ಮೊದಲು ನಮಗೇ ಅಲ್ಲವೇ ಎಂದು ತಿಳಿಹೇಳಿದೆ. ‘ಹುಟ್ಟಿದ ಮ್ಯಾಲ ದಿನಾ ಪೂರ್ತಿ ಅಲ್ಲೇ ಕುಂತಿರ್ತಾನೇನ್ರಿ ಅವ?’ ಅಂದಳು. ನಾನು ಸಿಮೆಂಟಿಗೆ ಇನ್ನಷ್ಟು ನೀರು ಸುರಿದು ಜೋರಾಗಿ ಕಲಸತೊಡಗಿದೆ. ಸ್ಟ್ಯಾಂಡಿನ ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂತು, ಭೂಕಂಪವಾದರೂ ಇದು ಅಲ್ಲಾಡುವುದಿಲ್ಲ ಎಂದು ಸಾರಿದೆ.

ಒಂದು ಸಣ್ಣ ಸಂಗತಿ ಮರೆತಿದ್ದೆ. ಮನೆಯ ಪೂರ್ವಕ್ಕೇ ಗುಡ್ಡವಿದೆ. ಊರಿಗೆಲ್ಲ ಹುಟ್ಟಿದ ಸೂರ್ಯ ಆ ಗುಂಡುಗಳನ್ನು ಒಂದೊಂದಾಗಿ ಹತ್ತಿ ನಮ್ಮ ಮಾಳಿಗೆಗೆ ಇಣುಕುವಷ್ಟರಲ್ಲಿ ನಮ್ಮದು ಎರಡನೇ ಚಹಾ ಆಗಿರುತ್ತದೆ. ಇಣುಕಿ ಸ್ವಲ್ಪ ಹೊತ್ತಿಗೇ ನೆತ್ತಿಗೇರುತ್ತಾನೆ, ಆಮೇಲೆ ಟ್ಯಾಂಕಿನ ಹಿಂದೆ ಹೋಗಿಬಿಡುತ್ತಾನೆ. ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಹೆಣ್ಣು ಕೂಸು, ಮೂಗು ನನ್ನದೇ. ಮೊದಲ ಎರೆಯುವ ದಿನ ನಾನು ಬಚ್ಚಲ ಬಾಗಿಲ ಹೊರಗೆ ಶಾಲು ಹೊದ್ದು ನಿಂತೆ, ಉದ್ಘಾಟನೆಗೆ ಬಂದವರ ಹಾಗೆ. ಒಳಗೆ ನಲ್ಲಿ ತಿರುವಿದ ಸದ್ದು, ಆಮೇಲೆ ಚೊಂಬು ತುಂಬಿದ ಸದ್ದು. ಅವ್ವನ ದನಿ ಬಂತು: ‘ಈರಣ್ಣ, ಇದು ಬಾಣಂತಿ ನೀರಲ್ಲಲೇ. ಎಮ್ಮಿ ಮೈ ತೊಳಿಯೋ ನೀರು.’

ಮತ್ತೆ ತಾಮ್ರದ ಹಂಡೆ, ಮತ್ತೆ ಸೌದೆ. ಬಚ್ಚಲ ಹೊಗೆ ನಡುಮನೆಗೆ ಬಂದು ಕೂಸು ಸೀನತೊಡಗಿತು, ಮಗಳ ಕಣ್ಣು ಕೆಂಪಾದವು. ಆ ಕೆಂಪು ಕಣ್ಣುಗಳನ್ನು ಬೀಗಿತ್ತಿ ವೀಡಿಯೋ ಕಾಲಿನಲ್ಲಿ ನೋಡಿಬಿಟ್ಟರು. ಅಳುತ್ತಿದ್ದೀಯಾ ಎಂದು ಕೇಳಿದರು. ಇಲ್ಲ, ಹೊಗೆ ಎಂದು ಮಗಳು ನಿಜ ಹೇಳಿದಳು. ನಿಜ ಹೇಳುವುದನ್ನು ಕಲಿಸಿದವನು ನಾನೇ, ಯಾರನ್ನು ದೂರಲಿ? ಫೋನಿನೊಳಗಿಂದ ಬೀಗಿತ್ತಿಯ ಮೃದುವಾದ ದನಿ ನನಗೂ ಕೇಳುವಂತೆ ಬಂತು: ‘ತೊಟ್ಟಿಲ ದಿನ ಬರ್ತೀನವ್ವಾ. ಅವತ್ತೂ ಹೊಗಿ ಇದ್ರ ನಿಮ್ಮಿಬ್ಬರನ್ನೂ ಜೋಡೀಲೇ ಕರ್ಕೊಂಡು ಬರ್ತೀನಿ.’ ಕವಿತಾ ಫೋನು ಇಟ್ಟು ಕೂಸನ್ನು ಎದೆಗೆ ಅವಚಿಕೊಂಡಳು. ‘ಅಪ್ಪಾ, ನನಗ ಇಲ್ಲೇ ಇರಬೇಕು’ ಅಂದಳು. ನಾನು ಮಾಳಿಗೆ ಹತ್ತಿ ಟ್ಯಾಂಕಿನ ಮುಂದೆ ಕುಳಿತೆ. ದಕ್ಷಿಣಕ್ಕೆ ತಿರುವಿದರೆ ಯಮ, ಪೂರ್ವಕ್ಕೆ ಬಿಟ್ಟರೆ ಬೀಗಿತ್ತಿ.

ಅವ್ವ ಶಾವಿಗೆ ಒಣಹಾಕಲು ಮೇಲೆ ಬಂದಳು. ಮೊರ ಕೆಳಗಿಟ್ಟು, ಬಿಸಿಲಿಗೆ ಬೆನ್ನು ತಿರುಗಿಸಿ, ಕಾಲು ಚಾಚಿ ಕುಳಿತು ಟ್ಯಾಂಕನ್ನೇ ದಿಟ್ಟಿಸಿದಳು. ‘ಇದರ ಮಕ ಇದು ಅಂತ ನಿನಗ ಯಾರಲೇ ಹೇಳಿದ್ರು?’ ಅಂದಳು. ಗಾಜಿರುವ ಕಡೆಯೇ ಮುಖ, ಅಂಗಡಿಯವರೂ ಹಾಗೇ ಅಂದರು ಎಂದೆ.

‘ಬಿಸಲು ಕಾಸೋವಾಗ ಯಾರರ ಮಕ ಕೊಡ್ತಾರೇನಲೇ? ಬೆನ್ನು ಕೊಡ್ತಾರ. ಈಗ ನಾ ಹೆಂಗ ಕುಂತೀನಿ ನೋಡು. ಗಾಜು ಅದರ ಬೆನ್ನು. ಬೆನ್ನು ದಕ್ಷಿಣಕ್ಕ ಇದ್ರ ಮಕ ಯಾವ ಕಡಿ?’

‘ಉತ್ತರಕ್ಕ.’

‘ಉತ್ತರ ಯಾರದು?’

‘ಕುಬೇರಂದು, ಯವ್ವಾ.’

‘ಮತ್ತ ಏಳು. ನೀ ತಿರುವು, ನಾ ವಿಭೂತಿ ತರ್ತೀನಿ.’

ಇಷ್ಟು ವರ್ಷ ದಿಕ್ಕು ನೋಡಿದ್ದೇನೆ. ವಸ್ತುವಿಗೆ ಮುಖ ಯಾವುದೆಂದು ಮೊದಲು ಕೇಳಬೇಕೆಂಬುದು ಆರನೇ ಕ್ಲಾಸಿನ ಪಾಠದಲ್ಲಿರಲಿಲ್ಲ, ಬಹುಶಃ ಏಳನೆಯದರಲ್ಲಿತ್ತು. ತಿರುವಲು ಹೋದರೆ ಸ್ಟ್ಯಾಂಡು ಜಪ್ಪಯ್ಯ ಅನ್ನಲಿಲ್ಲ. ಉಳಿ, ಸುತ್ತಿಗೆ, ಹಾರೆ ಎಲ್ಲ ಬಂದವು. ನಾನೇ ಹಾಕಿದ ಕಾಂಕ್ರೀಟಿಗೆ ಪೆಟ್ಟು ಕೊಡುತ್ತ ಅದರ ಗಟ್ಟಿತನಕ್ಕೆ ಹೆಮ್ಮೆಪಡುತ್ತಿದ್ದೆ, ಬೈಯುತ್ತಲೂ ಇದ್ದೆ. ಬುಟ್ಟಿ ಹಿಡಿದು ಜಲ್ಲಿಚೂರು ಹೊರುತ್ತಿದ್ದ ರತ್ನಮ್ಮ, ‘ಭೂಕಂಪಕ್ಕೂ ಅಲ್ಲಾಡಂಗಿಲ್ಲ ಅಂದಿದ್ರಿ. ನೀವು ಹೇಳಿದ್ರಾಗ ಅದೊಂದು ಖರೆ ಆತು ನೋಡ್ರಿ’ ಅಂದಳು. ಸಂಜೆಯ ಹೊತ್ತಿಗೆ ಟ್ಯಾಂಕು ತನ್ನ ಗಾಜಿನ ಬೆನ್ನನ್ನು ದಕ್ಷಿಣಕ್ಕೆ ಕೊಟ್ಟು ಕುಳಿತಿತು. ಉತ್ತರದ ಕಡೆ, ಟ್ಯಾಂಕಿನ ತಗಡಿನ ಮೇಲೆ, ಅವ್ವ ಮೂರು ಬೆರಳಲ್ಲಿ ವಿಭೂತಿ ಎಳೆದಳು. ನಿಜ ಹೇಳುತ್ತೇನೆ, ಅದು ನಮ್ಮನ್ನು ನೋಡಿ ನಕ್ಕ ಹಾಗಿತ್ತು.

ತೊಟ್ಟಿಲ ದಿನ ಬೀಗಿತ್ತಿ ಕಾರಿನಿಂದಿಳಿದವರೇ ಮೂಗೆತ್ತಿ ಹೊಗೆ ಹುಡುಕಿದರು. ಸಾಂಬ್ರಾಣಿಯ ವಾಸನೆ ಬಿಟ್ಟರೆ ಏನಿಲ್ಲ. ದಾರಿಯ ಧೂಳಾಗಿದೆ, ಮೈ ತೊಳೆದುಕೊಂಡೇ ಕೂಸು ಮುಟ್ಟುತ್ತೇನೆ ಎಂದು ಬಚ್ಚಲಿಗೆ ಹೋದರು. ಪರೀಕ್ಷೆಗೇ ಹೋದದ್ದು, ನನಗೆ ಗೊತ್ತು. ಸಂಭ್ರಮದಲ್ಲಿ ತಣ್ಣೀರು ಬೆರೆಸಿಕೊಳ್ಳಿರೆಂದು ಹೇಳುವುದು ನಮಗ್ಯಾರಿಗೂ ನೆನಪಾಗಲಿಲ್ಲ. ಒಳಗಿಂದ ಬಂದ ದನಿಗೆ ತೊಟ್ಟಿಲ ಹಾಡು ಹೇಳುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಬೀಗಿತ್ತಿ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದಲ್ಲಿ ಹೊರಗೆ ಬಂದು, ಕುರ್ಚಿಯಲ್ಲಿ ಕುಳಿತು, ಚಹಾ ಕುಡಿದು, ಎರಡೂ ಮೊಣಕಾಲು ಮಡಚಿ ಚಾಚಿ ನೋಡಿಕೊಂಡರು. ಕವಿತಾ ಕೂಸನ್ನು ಇನ್ನಷ್ಟು ಅವಚಿಕೊಂಡಳು. ‘ಬೀಗರ’ ಅಂದರು, ‘ಕೂಸು-ಬಾಣಂತಿ ಇಲ್ಲೇ ಇರಲಿ.’ ನಾನು ಉಸಿರು ಬಿಡುವಷ್ಟರಲ್ಲಿ, ‘ನಾನೂ ನಾಕು ದಿನ ಇರ್ತೀನಿ. ನಮ್ಮ ಗೀಸರ್‌ದಾಗ ಹಿಂಗ ಮೊಣಕಾಲ್ನೋವು ಹೋಗಂಗಿಲ್ಲ’ ಎಂದು ಸೇರಿಸಿದರು.

ಆ ನಾಕು ದಿನ ಇನ್ನೂ ನಡೆಯುತ್ತಿದೆ. ಬೆಳಗಾದರೆ ಮೊದಲು ಕೂಸಿಗೆ, ಆಮೇಲೆ ಬಾಣಂತಿಗೆ, ಆಮೇಲೆ ಬೀಗಿತ್ತಿಯ ಎರಡೂ ಮೊಣಕಾಲಿಗೆ, ಅವ್ವನಿಗೆ, ರತ್ನಮ್ಮನಿಗೆ. ನನ್ನ ಸರದಿ ಬರುವಷ್ಟರಲ್ಲಿ ನಲ್ಲಿಯಲ್ಲಿ ಬರುವುದು ಎಮ್ಮೆಯೂ ಒಲ್ಲೆ ಎನ್ನುವ ನೀರು. ನಮ್ಮ ಮನೆಯಲ್ಲಿ ಈಗ ಬಿಸಿನೀರಿಗೆ ದಿಕ್ಕುಂಟು, ಮೇಸ್ತ್ರಿಗೆ ಇಲ್ಲ. ಕೆಲಸಕ್ಕೆ ಹೊತ್ತಾಗುತ್ತದೆಂದು ಹೊರಗಿನ ತೊಟ್ಟಿಯ ಹತ್ತಿರ ಹೋಗಿ, ತಣ್ಣೀರಿನ ಚೊಂಬು ಎತ್ತಿ, ಗುಡ್ಡ ಹತ್ತಿ ಇಣುಕುವ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಹೀಗೆ ನಿಂತರೆ ಎಡಗೈ ಕಡೆ ದಕ್ಷಿಣ, ಬಲಗೈ ಕಡೆ ಉತ್ತರ. ನಾನು ಕಲಿತ ಒಂದೇ ಪಾಠ ಪೂರ್ತಿ ಉಲ್ಟಾ. ಆದರೆ ಬೆನ್ನು ಮಾತ್ರ ಸ್ವಲ್ಪ ಬೆಚ್ಚಗಾಗುತ್ತದೆ.