ಬೀಜದಂಗಡಿಯವನೂ ಚಿಬ್ಬಡದ ಮೇಡಮ್ಮಾರೂ

ಬೈಲಹೊಂಗಲದಲ್ಲಿ ಬೀಜದಂಗಡಿ ಇಟ್ಟವನು ಮನರಂಜನೆಗೆಂದು ಎಲ್ಲೂ ಹೋಗಬೇಕಾಗಿಲ್ಲ. ಗಲ್ಲೆಯ ಮುಂದೆ ಸುಮ್ಮನೆ ಕೂತರೆ ಸಾಕು, ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಹೋದ ಮಳೆಗಾಲದ ಕೊನೆಗೆ ಅದು ಟೋಪಿ, ತಕ್ಕಡಿ, ಹೆಗಲಚೀಲ ಸಮೇತ ಬಂತು.

ಬೈಗುಳದ ಗಿರಾಕಿ

ಬಂದವರು ಹಣ್ಣಿನ ತಳಿಗಳ ಸಂಶೋಧನೆ ಮಾಡುವ ಮೇಡಂ. "ಸಾವ್ಕಾರ್ರ, ಈ ಸೀಮ್ಯಾಗ ಎಷ್ಟ ಥರದ ಚಿಬ್ಬಡ ಅದಾವ, ಹುಡುಕಾಕ ಹತ್ತೇನಿ," ಎಂದರು.

ಚಿಬ್ಬಡವೆಂದರೆ ಜೋಳದ ಸಾಲಿನ ನಡುವೆ ಬಳ್ಳಿ ಬಿಟ್ಟು, ಹಣ್ಣಾದ ಕೂಡಲೇ ಹೊಟ್ಟೆ ಬಿರಿದುಕೊಂಡು ಮಲಗುವ ನಮ್ಮ ಕಡೆಯ ಕರಬೂಜ. ಅದರಲ್ಲಿ ಹಸಿರು ಗೆರೆಯ ಒಂದು ಹಳೆಯ ತಳಿಗೆ, ಬಳ್ಳಿ ಹಳದಿಯಾಗುವ ರೋಗ ತಗಲುವುದಿಲ್ಲವಂತೆ. ಬೀಜ ಸಿಕ್ಕರೆ ಆ ಗುಣವನ್ನು ಬೇರೆ ಕರಬೂಜಕ್ಕೂ ಕೂಡಿಸಬಹುದು. ಸಿಗದಿದ್ದರೆ ಮೇಡಂ ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಮೇಡಮ್ಮಾರ, ನಾ ಮಾರೂದು ಎಲ್ಲಾ ಹಣ್ಣು ಒಂದ ಅಚ್ಚಿನ್ಯಾಗ ತಗದಂಗ ಬರೂ ಬೀಜ. ಒಂದು ಸೊಟ್ಟ ಬಂದ್ರ ಸಾಕು, ರೈತರು ಬಂದು ನಮ್ಮಪ್ಪನ ತನಕ ಬೈತಾರ."

"ಹಂಗ ಬೈದವರ ಹೆಸರ ಬರಕೊಡ್ರಿ. ನನಗ ಸೊಟ್ಟನ ಬೇಕು."

ಹಾಳೆಯ ಎರಡೂ ಮಗ್ಗಲು ತುಂಬಿಸಿ ಕೊಟ್ಟೆ. ವ್ಯಾಪಾರಕ್ಕೆ ಕೂತಂದಿನಿಂದ ಏನೇನೋ ಮಾರಿದ್ದೇನೆ. ಬೈಗುಳಕ್ಕೆ ಗಿರಾಕಿ ಬಂದದ್ದು ಅದೇ ಮೊದಲು.

ಬರೇ ಆರು

ಯಾದಿ ಹಿಡಿದು ಕಟಕೋಳಕ್ಕೆ ಹೋದೆವು. ರೈತರು ನಮ್ಮ ಬೆನ್ನ ಹಿಂದೆ ಏನನ್ನುತ್ತಾರೆಂದು ತಿಳಿದಿರುವುದು ಒಳ್ಳೆಯದೆಂದು ನಾನೂ ಹೊರಟೆ. ಒಂದು ಮನೆಯಲ್ಲಿ ಮೇಡಂ ಚಿಬ್ಬಡದ ರಸದ ಹನಿಯನ್ನು ದುರ್ಬೀನಿನಂಥ ಯಂತ್ರದ ಗಾಜಿಗೆ ಹಚ್ಚಿ, ಬೆಳಕಿಗೆ ಹಿಡಿದು, "ಸಿಹಿ, ಆರು" ಎಂದು ಬರೆದುಕೊಂಡರು.

"ಬರೇ ಆರೇನ?" ಎಂದಳು ಮನೆಯ ಮುದುಕಿ.

"ಪ್ಯಾಟಿ ಕರಬೂಜಕ್ಕ ಹನ್ನೆರಡ ಬರತೈತ್ರಿ ಅಮ್ಮಾರ."

ಮುದುಕಿ ದಡದಡ ಒಳಗೆ ಹೋಗಿ ಬೆಲ್ಲ ತಂದು, ಚಿಬ್ಬಡದ ಹೋಳಿನ ಮೇಲೆ ತಿಕ್ಕಿ, ಗಾಜಿನ ಮೇಲೆ ಹಿಂಡಲು ಬಂದಳು. "ಈಗ ನೋಡ್ರಿ!"

"ಬೆಲ್ಲ ಹಚ್ಚಬಾರದ್ರಿ!"

"ಚಿಬ್ಬಡ ಬೆಲ್ಲ ಬಿಟ್ಟ ಯಾರ ತಿಂದಾರವಾ? ನೀ ಕನ್ಯಾ ನೋಡಾಕ ಹೋದ್ರ ಸೀರಿ ಉಡಬ್ಯಾಡ ಅಂತೀ ಏನ?"

ಒಲೆಯ ಮೇಲಿನ ಚಹಾ

ಸಿಟ್ಟು ಇಳಿದ ಮೇಲೆ ಆ ಮುದುಕಿಯೇ ಸುಳಿವು ಕೊಟ್ಟಳು: ಹಸಿರು ಗೆರೆಯದು ಈಗ ಉಳಿದಿರುವುದು ತೊರಗಲ್ಲಿನ ತನ್ನ ಅಕ್ಕನ ಮನೆಯಲ್ಲಿ ಮಾತ್ರ. ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಹಣ್ಣಿನ ಕಾಲ ಮುಗಿದಿತ್ತು. ಬೀಜವಾದರೂ ಇಟ್ಟಿರುತ್ತಾರೆಂಬ ಧೈರ್ಯ.

ಮೊದಲೇ ಫೋನ್ ಮಾಡಿದ್ದರಿಂದ ಆ ಮನೆಯ ಸೊಸೆ ಒಲೆ ಹೊತ್ತಿಸಿಕೊಂಡೇ ಕಾದಿದ್ದಳು. ಚಹಾ ಬಂತು. ಮೇಡಂ ಹೊಗಳಿ, ಬೀಜ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು.

"ನಮ್ಮತ್ತಿ ಕುಳ್ಳಿನ್ಯಾಗ ಇಡತಾರ್ರಿ. ಹುಳ ಹತ್ತಬಾರದಂತ ಸೆಗಣ್ಯಾಗ ಬೀಜ ಒತ್ತಿ ಗ್ವಾಡಿಗೆ ಬಡದಿರತಾರ."

"ಎಲ್ಲೈತಿ ಆ ಕುಳ್ಳು?"

ಸೊಸೆ ಗೋಡೆ ನೋಡಿದಳು. ಅಲ್ಲಿ ದುಂಡನೆಯ ಕಲೆಯಷ್ಟೇ ಇತ್ತು. ಆಮೇಲೆ ಒಲೆ ನೋಡಿದಳು.

"ಕಟಗಿ ಹಸೀ ಇದ್ದವ್ರಿ…"

ಮೇಡಂ ಕೈಯಲ್ಲಿನ ಬಟ್ಟಲು ಗಾಳಿಯಲ್ಲೇ ನಿಂತಿತು. ನಾನು ಮಾತ್ರ ನನ್ನದನ್ನು ಪೂರ್ತಿ ಕುಡಿದೆ. ಒಂದು ತಳಿಯನ್ನೇ ಸುಟ್ಟು ಕಾಸಿದ ಚಹಾ, ಚೆಲ್ಲಲು ಮನಸ್ಸು ಬರಬೇಕಲ್ಲ!

ಬೀಜಕ್ಕೆ ಬೀಜ

ಅಷ್ಟರಲ್ಲಿ ಸೊಸೆಯ ಅತ್ತೆ, ಆ ಮನೆಯ ಆಯಿ, ಹೊಲದಿಂದ ಬಂದಳು. ಸಂಗತಿ ಕೇಳಿ, ಸೊಸೆಗೆ ನಾಲ್ಕು ಬೈದು, ಹಿತ್ತಲ ಗೋಡೆಯಿಂದ ಇನ್ನೊಂದು ಕುಳ್ಳು ಕಿತ್ತು ತಂದಳು. "ಈಕಿ ಬುದ್ಧಿ ಗೊತ್ತಿದ್ದ ಎರಡ ಕಡೆ ಬಡದಿರತೇನಿ."

ಮೇಡಂಗೆ ಹೋದ ಜೀವ ಬಂತು. ನಾನು ಜೇಬಿಗೆ ಕೈಹಾಕಿದೆ.

"ರೊಕ್ಕ ಒಳಗಿಡೋ ತಮ್ಮಾ. ಬೀಜ ಮಾರಿದ ಮನಿ ಉದ್ಧಾರ ಆಗೂದಿಲ್ಲ. ಬೀಜಕ್ಕ ಬೀಜ ಕೊಟ್ಟ ಒಯ್ಯಿ."

ಕೆಮ್ಮಿಕೊಂಡು, ಚೀಲದಲ್ಲಿದ್ದ ನಮ್ಮಂಗಡಿಯ ಹೈಬ್ರಿಡ್ ಕರಬೂಜದ ಥಳಥಳಿಸುವ ಪಾಕೀಟು ತೆಗೆದುಕೊಟ್ಟೆ. ಆಯಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.

"ಇದರ ಹಣ್ಣಿನ ಬೀಜ ಮರುವರ್ಷ ಬಿತ್ತಿದರ ಇಂಥಾವ ಬರತಾವೇನ?"

ಬೇರೆ ದಿನವಾಗಿದ್ದರೆ ಏನಾದರೂ ಹೇಳಿ ದಾಟಿಸುತ್ತಿದ್ದೆ. ಪಕ್ಕದಲ್ಲಿ ಮೇಡಂ ಕೂತಿದ್ದರು. "ಇಲ್ಲ ಆಯಿ. ವರ್ಷಾ ಹೊಸಾದ ಕೊಳ್ಳಬೇಕು."

"ಅಂಗಡಿ ತುಂಬ ಇಂಥಾವ ಏನ?"

"ಹೂಂ."

ಆಯಿ ಲೊಚಗುಟ್ಟಿ ಪಾಕೀಟು ನನಗೇ ತಿರುಗಿ ಕೊಟ್ಟಳು. ಕುಳ್ಳು ಮುರಿದು, ತನಗೊಂದಿಷ್ಟು ಬೀಜ ಇಟ್ಟುಕೊಂಡು, ಮೇಡಂ ಓಢಣಿಯ ಅಂಚಿಗೆ ಒಂದು ಮುಷ್ಟಿ ಸುರಿದಳು. ಉಳಿದ ನಾಲ್ಕು ಕಾಳನ್ನು ನನ್ನ ಅಂಗೈಗೆ ಒತ್ತಿ, ಸೊಸೆಯ ಕಡೆ ತಿರುಗಿ ಹೇಳಿದಳು:

"ಇವಗೂ ಒಂದೀಟ ಇರಲಿ ಪಾಪ. ಬೀಜದ ಅಂಗಡಿ ಇಟ್ಟಾನಂತ, ಬೀಜ ಇಲ್ಲ."