ಮಾವನವರ ಪ್ಲೇಟುಗಳನ್ನು ತೊಳೆದದ್ದು

ತೊಳೆಯುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ರಾಯದುರ್ಗದಲ್ಲಿ ಇರಲಾರರು ಎಂದು ನಾನು ಬಹಳ ದಿನಗಳಿಂದ ನಂಬಿಕೊಂಡಿದ್ದೇನೆ. ಇದು ಜಂಬವಲ್ಲ, ಅನುಭವದ ಮಾತು. ಕೆಲವರಿಗೆ ಅಡುಗೆಯಲ್ಲಿ ಕೈಗುಣ ಇರುವಂತೆ ನನಗೆ ತೊಳೆಯುವುದರಲ್ಲಿ ಇದೆ. ಫ್ಯಾನಿನ ರೆಕ್ಕೆ, ಕನ್ನಡಕದ ಸಂದಿ, ಟಿ.ವಿ. ರಿಮೋಟಿನ ಗುಂಡಿಗಳು, ಎಲ್ಲವೂ ನನ್ನ ಕೈಯಲ್ಲಿ ಪಳಪಳ ಹೊಳೆದಿವೆ. ರಿಮೋಟು ಆಮೇಲೆ ಕೆಲಸ ಮಾಡಲಿಲ್ಲ, ಅದು ಬೇರೆ ಮಾತು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕನ್ನಡ ಪಾಠ ಹೇಳಿದ್ದಕ್ಕಿಂತ ಕರಿಹಲಗೆ ಒರೆಸಿದ್ದಕ್ಕೇ ನನಗೆ ಹೆಚ್ಚು ಹೆಸರು. ಒಮ್ಮೆ ಸಮಾಜ ಪಾಠದ ಮೇಷ್ಟ್ರು ಎರಡು ಪೀರಿಯಡ್ ನಿಂತು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿಟ್ಟ ಭಾರತದ ನಕ್ಷೆಯನ್ನು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದು ಗೆರೆ ಉಳಿಯದಂತೆ ಒರೆಸಿದ್ದೆ. ಅವರು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಸ್ವಚ್ಛವಾದ ಹಲಗೆಯ ಬೆಲೆ ಎಲ್ಲರಿಗೂ ತಿಳಿಯುವುದಿಲ್ಲ.

ಇಂಥವನ ಮನೆಗೆ ಮೊನ್ನೆ ಅಮರಾಪುರದಿಂದ ಒಂದು ತಗಡಿನ ಪೆಟ್ಟಿಗೆ ಬಸ್ಸಿನಲ್ಲಿ ಬಂದಿಳಿಯಿತು. ಕಳಿಸಿದವರು ನನ್ನ ಮಾವ ರಂಗಪ್ಪನವರು. ಕುರಿ ಸಾಕುತ್ತ, ಜೊತೆಗೊಂದು ಮೈಕ್‌ಸೆಟ್ ಇಟ್ಟುಕೊಂಡು, ಮಡಕಶಿರಾ ಸುತ್ತಿನ ಮದುವೆಗಳಿಗೆಲ್ಲ ಹಾಡು ಹಾಕಿದವರು ಅವರು. ಪೆಟ್ಟಿಗೆಯಲ್ಲಿ ಆ ಕಾಲದ ಮೂವತ್ತೆರಡು ವಿನೈಲ್ ರೆಕಾರ್ಡುಗಳಿದ್ದವು. ನಮ್ಮ ಮನೆಯಲ್ಲಿ ಯಾರೂ ಅವನ್ನು ರೆಕಾರ್ಡು ಎನ್ನುವುದಿಲ್ಲ, ಪ್ಲೇಟು ಎನ್ನುತ್ತಾರೆ. ಮಗಳು ರೂಪಾಳ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ನಡೆಯುವುದಿತ್ತು. ತಾಂಬೂಲ ಬದಲಾಯಿಸುವಾಗ ಮೊಬೈಲಿನ ಹಾಡು ಬೇಡ, ಅಜ್ಜನೇ ಪ್ಲೇಟು ಹಾಕಬೇಕು ಎಂದು ಅವಳು ಹಟ ಹಿಡಿದಿದ್ದಳು. ಅದೂ ಬೇರೆ ಯಾವುದೋ ಅಲ್ಲ, ನನ್ನ ಮತ್ತು ರತ್ನಳ ನಿಶ್ಚಿತಾರ್ಥಕ್ಕೆ ಹಾಕಿದ್ದ ಅದೇ ಪ್ಲೇಟು. ಆ ದಿನ ನಾನೂ ಅಲ್ಲೇ ಕೂತಿದ್ದೆ. ಹಾಡು ಮಾತ್ರ ನೆನಪಿಲ್ಲ. ಪ್ಲೇಟು ಹಾಡಿಸುವ ಯಂತ್ರವನ್ನು ಬಸ್ಸಿನವರ ಕೈಗೆ ಕೊಡಲು ಮಾವ ಒಪ್ಪಲಿಲ್ಲ. ಕಾರ್ಯದ ದಿನ ಬೆಳಿಗ್ಗೆ ತೊಡೆಯ ಮೇಲಿಟ್ಟುಕೊಂಡು ತಾವೇ ತರುವುದಾಗಿ ಫೋನಿನಲ್ಲಿ ಹೇಳಿದ್ದರು.

ಪೆಟ್ಟಿಗೆ ತೆರೆದ ಕೂಡಲೇ ನನ್ನ ಕೈ ತುರಿಸತೊಡಗಿತು. ಎಷ್ಟೋ ಮದುವೆಮನೆಗಳ ಹೊಗೆ, ಕುರಿಹಟ್ಟಿಯ ಧೂಳು ಪ್ಲೇಟಿನ ಗೆರೆಗೆರೆಯಲ್ಲೂ ಸೇರಿಕೊಂಡಿತ್ತು. ರತ್ನ ಮಗಳನ್ನು ಕರೆದುಕೊಂಡು ಸೀರೆ ತರಲು ಅನಂತಪುರಕ್ಕೆ ಹೋಗಿದ್ದಳು. ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೆಲ್ಲಿ ಸಿಗಬೇಕು? ಕುಂಕುಡುಕಾಯಿ, ಎಂದರೆ ಅಂಟುವಾಳದ ಕಾಯಿ, ನೆನೆಸಿ, ಕಿವುಚಿ, ನೊರೆಯನ್ನು ಹಳೆಯ ಪಂಚೆಯಲ್ಲಿ ಸೋಸಿದೆ. ಪ್ಲೇಟನ್ನು ಅಡ್ಡಡ್ಡ ತಿಕ್ಕಬಾರದು. ರಾಗಿಕಲ್ಲು ತಿರುಗಿಸಿದ ಹಾಗೆ ಗೆರೆ ಹೋದ ದಾರಿಯಲ್ಲೇ ಕೈ ಸುತ್ತಬೇಕು. ಬಿಸಿನೀರು ಕೂಡದು, ಬಿಸಿಲು ಮೊದಲೇ ಕೂಡದು. ನಮ್ಮ ರಾಯದುರ್ಗದ ಬಿಸಿಲಿಗಿಟ್ಟರೆ ಪ್ಲೇಟು ಹೋಗಿ ಬಟ್ಟಲಾಗುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ, ಕೈಗುಣ ಎಂದೆನಲ್ಲ. ಮೆತ್ತನೆಯ ಬ್ರಷ್ಷಿನಲ್ಲಿ ಒಂದೊಂದನ್ನೇ ತೊಳೆದು, ಊಟದ ತಟ್ಟೆ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ನೆರಳಿಗೆ ಸಾಲಾಗಿ ನಿಲ್ಲಿಸಿದೆ. ನಡುವೆ ಅಂಟಿಸಿದ ಕಾಗದದ ಚೀಟಿಗಳ ಮೇಲೆ ಕೆಂಪು, ಹಳದಿ, ಬಿಳಿಯ ಕಲೆಗಳು ಮೆತ್ತಿಕೊಂಡಿದ್ದವು. ಅವು ಬ್ರಷ್ಷಿಗೆ ಜಗ್ಗಲಿಲ್ಲ. ನಾನೂ ಜಗ್ಗುವವನಲ್ಲ. ಕಲೆ ಹೋಗುವವರೆಗೂ ತಿಕ್ಕಿದೆ. ಅದರ ಜೊತೆಗೆ ಅಚ್ಚಾಗಿದ್ದ ಅಕ್ಷರಗಳೂ ಹೊರಟುಹೋದವು. ಹಾಡು ಇರುವುದು ಗೆರೆಯಲ್ಲಿ, ಚೀಟಿಯಲ್ಲಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಪಕ್ಕದ ಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಬಸಣ್ಣ ಗೋಡೆಯ ಮೇಲಿಂದ ಇಣುಕಿದ. "ಯಾಕ್ರಿ ಸಾರ್, ದ್ವಾಸಿ ಎಲ್ಲಾ ಕರ್ರಗ ಹೊತ್ಯಾವಲ್ರಿ?" ಎಂದ. ಇವು ಹಾಡಿನ ಪ್ಲೇಟು ಎಂದು ತಿಳಿಸಿ ಹೇಳಿದೆ. "ಹಂಗಾರ ಭಾಳ ಹೊಳಿಯಾಕತ್ಯಾವ್ ಬಿಡ್ರಿ. ಇದರಾಗ ಮುಖ ನೋಡ್ಕಂಡು ಕ್ರಾಪ್ ತೆಗೀಬೌದು" ಎಂದ. ಈ ಮಾತನ್ನು ನಾನು ಸಂಜೆಯವರೆಗೂ ಮೆಲುಕು ಹಾಕಿದೆ.

ಸಂಜೆ ರತ್ನ ಬಂದವಳೇ ಸ್ಟ್ಯಾಂಡಿನ ಮುಂದೆ ನಿಂತಳು. ನಾನು ಹೊಗಳಿಕೆಗೆ ಕಾದು ನಿಂತೆ.

"ಬೊಟ್ಟೆಲ್ಲೋದ್ವು?" ಎಂದಳು.

"ಯಾವ ಬೊಟ್ಟು?"

"ಅಪ್ಪ ಇಟ್ಟಿದ್ದ ಬೊಟ್ಟು ಕಣ್ರೀ. ಅಪ್ಪಂಗೆ ಓದೋಕೆ ಬರಲ್ಲ ಅಂತ ನಿಮ್ಗೆ ಗೊತ್ತಿಲ್ವಾ?"

ಆಮೇಲೆ ಒಂದೊಂದೇ ಹೊರಗೆ ಬಂತು. ನಾನು ತಿಕ್ಕಿ ತೆಗೆದದ್ದು ಕೊಳೆಯಲ್ಲ, ಮಾವ ಗೋಂದಿನಲ್ಲಿ ಕಲಸಿ ಇಟ್ಟುಕೊಂಡಿದ್ದ ಗುರುತು. ಕುಂಕುಮದ ಬೊಟ್ಟಿನ ಪ್ಲೇಟು ಮುಹೂರ್ತಕ್ಕೆ. ಅರಿಶಿನದ್ದು ಊಟದ ಹೊತ್ತಿಗೆ. ಸುಣ್ಣದ ಬೊಟ್ಟಿದ್ದರೆ ಶುಭಕಾರ್ಯದಲ್ಲಿ ಅದನ್ನು ಮುಟ್ಟಲೇಬಾರದು. ಮೈಕ್‌ಸೆಟ್ ತಂದ ಹೊಸದರಲ್ಲಿ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಗಂಡನನ್ನು ಕಳೆದುಕೊಂಡವಳೊಬ್ಬಳ ಗೋಳಿನ ಹಾಡು ಮೈಕಿನಿಂದ ಹೊರಟಿತಂತೆ. ಬೀಗರು ಊಟ ಮಾಡದೆ ಎದ್ದು ಹೋದರಂತೆ. ಮಾವ ಅವರ ಊರಿಗೇ ಹೋಗಿ ಕೈಮುಗಿದು ಬಂದು, ಅಂದಿನಿಂದ ಈ ಬೊಟ್ಟು ಶುರುಮಾಡಿದರು.

"ನಾಡಿದ್ದು ನಮ್ಮ ಬೀಗರ ಮುಂದೆ ಆ ಪ್ಲೇಟೇ ಹಾಡಿದ್ರೆ ಏನ್ ಗತಿ?" ಎಂದಳು ರತ್ನ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಓದು ಬಾರದ ಮನುಷ್ಯ ತನಗೆ ತಾನೇ ಮಾಡಿಕೊಂಡಿದ್ದ ಅಕ್ಷರಮಾಲೆಯನ್ನು ಕನ್ನಡ ಮೇಷ್ಟ್ರೊಬ್ಬ ಕುಂಕುಡುಕಾಯಿ ಹಾಕಿ ತೊಳೆದಿದ್ದ. ಈಗ ಆ ಮೂವತ್ತೆರಡು ಪ್ಲೇಟುಗಳ ಮುಂದೆ ನಾನೂ ಓದು ಬಾರದವನೇ ಆಗಿದ್ದೆ.

ಮಾವ ಬಂದ ಮೇಲೆ ಒಂದೊಂದನ್ನೂ ಹಾಡಿಸಿ ನೋಡಿದರಾಯಿತು ಎಂದು ನಾನು ಧೈರ್ಯ ಹೇಳಿದೆ. ಅವರು ಬಂದ ಬಸ್ಸು ಕಲ್ಯಾಣದುರ್ಗದಲ್ಲಿ ಕೆಟ್ಟು ನಿಂತು, ಅವರು ಹೊಸ್ತಿಲು ತುಳಿಯುವ ಹೊತ್ತಿಗೆ ಬೀಗರು ಬಂದು ಜಮಖಾನದ ಮೇಲೆ ಕೂತಿದ್ದರು, ಹಾಡಿಸಿ ನೋಡುವ ಮಾತೇ ಇರಲಿಲ್ಲ. ಒಳಕೋಣೆಗೆ ಕರೆದೊಯ್ದು, "ಮಾವ, ಬೊಟ್ಟುಗಳನ್ನ ನಾನು ತೊಳೆದುಬಿಟ್ಟೆ" ಎಂದು ಒಪ್ಪಿಕೊಂಡೆ.

"ಮೇಯ್ಸಿದೋನಿಗೆ ಕುರಿ ಮೇಲೆ ಬಣ್ಣ ಯಾಕೆ ಬೇಕು ಅಳಿಯಂದ್ರೆ? ಬಣ್ಣ ಹಾಕೋದು ಬ್ಯಾರೆಯೋರ ಮಂದೇಲಿ ಬೆರೀದಿರ್ಲಿ ಅಂತ" ಎಂದರು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡಿದರು. "ಇದು ರೊಳ್ಳದ ಮದ್ವೇಲಿ ಕೈಜಾರಿ ಬಿದ್ದಿದ್ದು. ಇದ್ರ ಅಂಚು ಮೇಕೆ ಕಡ್ದಿದ್ದು" ಎನ್ನುತ್ತ ಮೂವತ್ತನ್ನು ಪಕ್ಕಕ್ಕಿಟ್ಟರು. ಉಳಿದವು ಎರಡೇ. ಒಂದು ನಮ್ಮ ನಿಶ್ಚಿತಾರ್ಥದ್ದು, ಇನ್ನೊಂದು ಆ ಗೋಳಿನದು. ಮೂಸಿ ನೋಡಿದರು. ಎರಡಕ್ಕೂ ಕುಂಕುಡುಕಾಯಿ ವಾಸನೆ. ಹೊರಗಿನಿಂದ ಪುರೋಹಿತರು ಕರೆದರು. ನನಗೆ ಸಂಶಯವೇ ಇರಲಿಲ್ಲ. ಎರಡರಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದುದನ್ನು ಎತ್ತಿ, "ಇದೇ ಮಾವ, ಲಕ್ಷಣವಾಗಿದೆ" ಎಂದು ಕೊಟ್ಟೆ.

ಮಾವ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು ಕೆಳಗಿಟ್ಟರು. "ಇದೇ ಆ ಗೋಳಿಂದು. ಆವತ್ತಿಂದ ಮುಟ್ಟೇ ಇಲ್ಲ, ಅದ್ಕೇ ಹಿಂಗೆ ಹೊಳೀತೈತೆ. ಮದ್ವೆ ಮದ್ವೆಗೂ ಹಾಡಿದ್ದು ಎಲ್ಲಿ ಹೊಳೀತದೆ?" ಎಂದು, ಸವೆದು ಮಂಕಾಗಿದ್ದುದನ್ನು ಎದೆಗವಚಿಕೊಂಡು ನಡುಮನೆಗೆ ನಡೆದರು.

ಪ್ಲೇಟಿನ ಮೇಲೆ ಯಂತ್ರದ ಮುಳ್ಳು ಇಳಿಯಿತು. ರತ್ನ ನನ್ನ ತೋಳು ಹಿಡಿದುಕೊಂಡಳು. ಮೊದಲ ಸಾಲು ಬರುತ್ತಿದ್ದಂತೆ ಅವಳ ಕಣ್ಣು ತುಂಬಿತು. ನನಗೂ ಅಷ್ಟು ವರ್ಷಗಳ ಮೇಲೆ ಆ ಹಾಡು ನೆನಪಾಯಿತು. ಪ್ಲೇಟಿನ ಚರಪರ ಸದ್ದು ಸಾಕಷ್ಟು ಕಡಿಮೆಯಾಗಿತ್ತು ಎಂಬುದನ್ನು ನಾನೊಬ್ಬನೇ ಗಮನಿಸಿದೆ. ಅದನ್ನು ಹೇಳಿಕೊಳ್ಳುವ ಸಮಯ ಅದಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಕುಂಕುಮ, ಅರಿಶಿನ, ಸುಣ್ಣ ತರಿಸಿಕೊಂಡು ಗೋಂದಿನಲ್ಲಿ ಕಲಸಿ ಎಲ್ಲಕ್ಕೂ ಮತ್ತೆ ಬೊಟ್ಟಿಟ್ಟರು. ನನಗೆ ಊದಿ ಒಣಗಿಸುವ ಕೆಲಸ ಮಾತ್ರ ಕೊಟ್ಟರು. ಅವರನ್ನು ಬಸ್ಸು ಹತ್ತಿಸಿ ಬಂದವನು, ಫ್ಯಾನಿನ ರೆಕ್ಕೆಯಾದರೂ ತೊಳೆಯೋಣವೆಂದು ಬಚ್ಚಲಿಗೆ ಹೋಗಿ ನನ್ನ ಬ್ರಷ್ಷನ್ನು ಕೈಗೆತ್ತಿಕೊಂಡೆ. ಅದರ ಹಿಡಿಯ ಮೇಲೆ ದುಂಡಗೆ ಒಂದು ಸುಣ್ಣದ ಬೊಟ್ಟಿತ್ತು. ಅದನ್ನು ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅದೊಂದನ್ನು ಮಾತ್ರ ನಾನು ಇನ್ನೂ ತೊಳೆದಿಲ್ಲ.